ಎಲ್ ಕ್ಯಾಪಿಟನ್ ಇನ್‌ಸ್ಟಾಲರ್ ಅಸಲಿಯೇ ಎಂದು ನಾನು ಪರೀಕ್ಷಿಸಿದ ಬಗೆ

2009ರ ಮಧ್ಯಭಾಗದ ಮ್ಯಾಕ್‌ಬುಕ್ ಪ್ರೊಗೆ ಆಪಲ್ ಅಧಿಕೃತವಾಗಿ ಕೊಟ್ಟ ಕೊನೆಯ ಆಪರೇಟಿಂಗ್ ಸಿಸ್ಟಂ ಎಲ್ ಕ್ಯಾಪಿಟನ್, ಅಂದರೆ 2015ರ ಸೆಪ್ಟೆಂಬರ್ 30ರಂದು ಬಿಡುಗಡೆಯಾದ 10.11. ಆ ಲ್ಯಾಪ್‌ಟಾಪಿನಲ್ಲಿ ಫೈರ್‌ವೈರ್ ಪೋರ್ಟ್ ಇರುವುದರಿಂದ, ಮಿನಿ ಡಿವಿ ವಿಡಿಯೊ ಟೇಪುಗಳನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವವರಿಗೆ ಅದು ಇಂದಿಗೂ ಬೇಕಾಗುತ್ತದೆ. ಉಡುಪಿಯ ಹಿರಿಯರೊಬ್ಬರು ತಾವೇ ಚಿತ್ರೀಕರಿಸಿದ ಯಕ್ಷಗಾನ ಆಟಗಳ ಟೇಪುಗಳನ್ನು ಇಂಥದ್ದೇ ಒಂದು ಲ್ಯಾಪ್‌ಟಾಪಿನಲ್ಲಿ ಇಳಿಸಿಕೊಳ್ಳುತ್ತಿದ್ದರು. ಅದರ ಹಾರ್ಡ್ ಡಿಸ್ಕ್ ಕೈಕೊಡುವ ಲಕ್ಷಣ ಕಂಡಾಗ ಹೊಸ ಎಸ್‌ಎಸ್‌ಡಿ ಹಾಕಿಕೊಡುವ ಕೆಲಸ ನನ್ನ ಪಾಲಿಗೆ ಬಂತು. ಹಳೆಯ ಡಿಸ್ಕಿನಲ್ಲಿದ್ದ ಮಾವೆರಿಕ್ಸ್ (ಎಲ್ ಕ್ಯಾಪಿಟನ್‌ಗಿಂತ ಹಿಂದಿನ ಆಪರೇಟಿಂಗ್ ಸಿಸ್ಟಂ) ಇನ್ನೂ ತೆರೆದುಕೊಳ್ಳುತ್ತಿತ್ತು. ಅದನ್ನು ಯುಎಸ್‌ಬಿ ಕೇಸಿಗೆ ಹಾಕಿ, ಅದರಿಂದಲೇ ಲ್ಯಾಪ್‌ಟಾಪನ್ನು ನಡೆಸುತ್ತಾ ಮುಂದಿನ ಕೆಲಸ ಮಾಡಿದೆ.

ಅವರ ಬಳಿ ಪೆನ್‌ಡ್ರೈವ್ ಒಂದರಲ್ಲಿ ಎಲ್ ಕ್ಯಾಪಿಟನ್ ಇನ್‌ಸ್ಟಾಲರ್ ಮೊದಲೇ ಇತ್ತು. ಪರಿಚಯದವರೊಬ್ಬರು ವರ್ಷಗಳ ಹಿಂದೆ ಆಪ್ ಸ್ಟೋರಿನಿಂದ ಇಳಿಸಿ ಕಾಪಿ ಮಾಡಿ ಕೊಟ್ಟದ್ದಂತೆ. ಅದನ್ನು ತೆರೆದರೆ, ಈ ಪ್ರತಿಯನ್ನು ಪರಿಶೀಲಿಸಲಾಗುತ್ತಿಲ್ಲ, ಡೌನ್‌ಲೋಡ್ ಆಗುವಾಗ ಅದು ಕೆಟ್ಟಿರಬಹುದು ಅಥವಾ ಅದನ್ನು ಯಾರಾದರೂ ತಿದ್ದಿರಬಹುದು ಎಂಬ ಸಂದೇಶ ಬಂತು. "ಹಾಗಾದರೆ ಇದು ಕಳ್ಳ ಕಾಪಿಯೋ?" ಎಂದು ಅವರು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಆ ಒಂದೇ ಸಂದೇಶದ ಹಿಂದೆ ಮೂರು ಬೇರೆ ಬೇರೆ ಸಂಗತಿಗಳು ಇರಬಹುದು: ಫೈಲು ಕೆಟ್ಟಿರಬಹುದು, ಯಾರೋ ತಿದ್ದಿರಬಹುದು, ಅಥವಾ ಫೈಲು ಸರಿಯಾಗಿಯೇ ಇದ್ದು ಅದರ ಮೇಲಿನ ಡಿಜಿಟಲ್ ಸಹಿ ಯಾರದೆಂದು ಹೇಳುವ ಸರ್ಟಿಫಿಕೇಟಿನ ಅವಧಿ ಮಾತ್ರ ಮುಗಿದಿರಬಹುದು. ಹಳೆಯ ಇನ್‌ಸ್ಟಾಲರುಗಳ ವಿಷಯದಲ್ಲಿ ಈ ಮೂರನ್ನು ಬೇರ್ಪಡಿಸಿ ನೋಡುವುದೇ ಪರೀಕ್ಷೆಯ ಬಹುಪಾಲು.

ಆಪಲ್‌ನ ಹಳೆಯ ಇನ್‌ಸ್ಟಾಲರುಗಳಿಗೆ ಸಹಿ ಮಾಡಿದ್ದ ಸರ್ಟಿಫಿಕೇಟುಗಳ ಅವಧಿ 2019ರ ಅಕ್ಟೋಬರ್ 24ಕ್ಕೆ ಮುಗಿಯಿತು. ಅದಕ್ಕೂ ಮುಂಚೆ, 2016ರ ಫೆಬ್ರವರಿ 14ರಂದು, ಇನ್ನೊಂದು ಸರ್ಟಿಫಿಕೇಟಿನ ಅವಧಿ ಮುಗಿದು ಅಂದಿನ ಇನ್‌ಸ್ಟಾಲರುಗಳೂ ಇದೇ ರೀತಿ ನಿಂತುಹೋಗಿದ್ದವು. ಗಡಿಯಾರ ಹಿಂದಿದ್ದರೂ ಇದೇ ತೊಂದರೆ: ಬ್ಯಾಟರಿ ಪೂರ್ತಿ ಬರಿದಾದ ಹಳೆಯ ಮ್ಯಾಕಿನ ದಿನಾಂಕ 2001ರ ಜನವರಿಗೆ ಮರಳಿದ್ದರೆ, ಸರ್ಟಿಫಿಕೇಟು ಇನ್ನೂ ಜಾರಿಗೇ ಬಂದಿಲ್ಲವೆಂದು ಯಂತ್ರ ಭಾವಿಸುತ್ತದೆ. ಆದ್ದರಿಂದ ನಾನು ಮೊದಲು ನೋಡಿದ್ದು ದಿನಾಂಕವನ್ನು. ಅದು ಸರಿಯಾಗಿತ್ತು.

ಮುಂದಿನ ಪರೀಕ್ಷೆಯನ್ನು ಅದೇ ಲ್ಯಾಪ್‌ಟಾಪಿನಲ್ಲಿ ಮಾಡದೆ, ನಾನು ದಿನವೂ ಬಳಸುವ, ಅಪ್‌ಡೇಟ್ ಆಗುತ್ತಲೇ ಇರುವ ಹೊಸ ಮ್ಯಾಕಿನಲ್ಲಿ ಮಾಡಿದೆ. ಇದು ನನ್ನ ದೃಷ್ಟಿಯಲ್ಲಿ ಬಹಳ ಮುಖ್ಯ. ಇನ್‌ಸ್ಟಾಲರ್ ತನ್ನನ್ನು ತಾನೇ ಪರಿಶೀಲಿಸಿಕೊಂಡು 'ಸರಿ' ಎಂದರೆ ಅದರಿಂದ ಏನೂ ಸಾಬೀತಾಗುವುದಿಲ್ಲ. ಫೈಲನ್ನು ತಿದ್ದಿದವನು ಪರಿಶೀಲಿಸುವ ಭಾಗವನ್ನೂ ತಿದ್ದಿರಬಹುದಲ್ಲವೇ? ಪರೀಕ್ಷಿಸುವ ಸಾಧನ ಹೊರಗಿನದ್ದಾಗಿರಬೇಕು ಮತ್ತು ನಂಬಿಕೆಗೆ ಅರ್ಹವಾದ ಯಂತ್ರದ್ದಾಗಿರಬೇಕು.

ಪೆನ್‌ಡ್ರೈವಿನ ಇನ್‌ಸ್ಟಾಲರ್ ಮೇಲೆ ರೈಟ್ ಕ್ಲಿಕ್ ಮಾಡಿ ಒಳಗಿನ ಫೋಲ್ಡರುಗಳನ್ನು ತೆರೆದರೆ, ಶೇರ್ಡ್‌ಸಪೋರ್ಟ್ ಎಂಬುದರಲ್ಲಿ ಇನ್‌ಸ್ಟಾಲ್‌ಇಎಸ್‌ಡಿ ಎಂಬ ದೊಡ್ಡ ಡಿಸ್ಕ್ ಇಮೇಜ್ (ಇಡೀ ಡಿಸ್ಕಿನ ವಿಷಯವನ್ನು ಒಳಗೊಂಡ ಒಂದೇ ಫೈಲು) ಸಿಗುತ್ತದೆ. ಸಿಸ್ಟಮ್ಮಿನ ಪ್ಯಾಕೇಜುಗಳು ಇರುವುದು ಅದರೊಳಗೆ. ಮೊದಲು ಡಿಸ್ಕ್ ಇಮೇಜನ್ನು ಎಚ್‌ಡಿಐಯುಟಿಲ್‌ನ ವೆರಿಫೈ ಕಮಾಂಡಿನಿಂದ ಪರಿಶೀಲಿಸಿದೆ; ಫೈಲಿನ ಬೈಟುಗಳಿಂದ ಲೆಕ್ಕಹಾಕುವ ತಾಳೆ ಸಂಖ್ಯೆ, ಅಂದರೆ ಚೆಕ್‌ಸಮ್ ಹೊಂದಿತು. ಇದರ ಅರ್ಥ ಫೈಲು ಅರ್ಧಕ್ಕೆ ತುಂಡಾಗಿಲ್ಲ, ಪೆನ್‌ಡ್ರೈವಿನಲ್ಲಿ ಕೊಳೆತಿಲ್ಲ ಎಂದಷ್ಟೇ. ಆ ಚೆಕ್‌ಸಮ್ ಇಮೇಜಿನೊಳಗೇ ಬರೆದಿರುವಂಥದ್ದು. ಇಮೇಜನ್ನು ಬದಲಿಸಿ ಮತ್ತೆ ಕಟ್ಟಿದವನಿಗೆ ಹೊಸ ಚೆಕ್‌ಸಮ್ ತಾನಾಗಿಯೇ ಸಿಗುತ್ತದೆ. ಅನೇಕರು ಇಲ್ಲಿಗೇ ನಿಲ್ಲುತ್ತಾರೆ, ನಿಲ್ಲಬಾರದು.

ಅನಂತರ ಇಮೇಜನ್ನು ಮೌಂಟ್ ಮಾಡಿ, ಟರ್ಮಿನಲ್‌ನಲ್ಲಿ ಪಿಕೆಜಿಯುಟಿಲ್ ಕಮಾಂಡಿಗೆ ಚೆಕ್-ಸಿಗ್ನೇಚರ್ ಆಯ್ಕೆ ಕೊಟ್ಟು ಒಳಗಿನ ಪ್ಯಾಕೇಜುಗಳನ್ನು ನೋಡಿದೆ. ಈಗ ಅವಧಿ ಮುಗಿದಿರುವ ಸರ್ಟಿಫಿಕೇಟಿನಿಂದ ಸಹಿಯಾಗಿದೆ ಎಂಬ ಉತ್ತರ ಬಂತು. ಸಹಿ ಇಲ್ಲ ಎಂದಾಗಲಿ, ಸಹಿ ಸರಿಯಿಲ್ಲ ಎಂದಾಗಲಿ ಅದು ಹೇಳಲಿಲ್ಲ. ಡ್ರೈವಿಂಗ್ ಲೈಸೆನ್ಸ್ ನವೀಕರಿಸದಿದ್ದ ಮಾತ್ರಕ್ಕೆ ಅದು ನಕಲಿಯಾಗುವುದಿಲ್ಲ; ಈ ಪ್ಯಾಕೇಜುಗಳ ಸ್ಥಿತಿಯೂ ಅದೇ ಆಗಿತ್ತು.

ಇಂಥ ಕಾಪಿ ಇದ್ದವರಿಗೆ ಸಾಮಾನ್ಯವಾಗಿ ಕೊಡುವ ಸಲಹೆಯೆಂದರೆ ನೆಟ್ ಕಳಚಿ, ಗಡಿಯಾರವನ್ನು 2019ರ ಅಕ್ಟೋಬರಿಗಿಂತ ಹಿಂದಕ್ಕೆ ಇಟ್ಟು ಇನ್‌ಸ್ಟಾಲ್ ಮಾಡುವುದು. ಅದು ಕೆಲಸ ಮಾಡುತ್ತದೆ, ಮತ್ತು ಕೆಲವರು ಹೆದರುವಂತೆ ಸಹಿಯ ಗಣಿತ ಅದರಿಂದ ಸಡಿಲವಾಗುವುದಿಲ್ಲ. ಅವಧಿಯ ತಕರಾರು ಮಾತ್ರ ಬಿಟ್ಟುಹೋಗುತ್ತದೆ. ಆದರೂ ಹೊರಗಿನ ಸಾಧನದಿಂದ ಸಹಿಯನ್ನು ನೋಡದೆ ಗಡಿಯಾರಕ್ಕೆ ಕೈ ಹಾಕುವುದನ್ನು ನಾನು ಒಪ್ಪುವುದಿಲ್ಲ.

ಅಸಲಿ ಮೂಲ ಇನ್ನೂ ಇರುವಾಗ ಗಡಿಯಾರ ತಿರುಗಿಸುವ ಅಗತ್ಯವೂ ನನಗಿರಲಿಲ್ಲ. ಆಪಲ್ ಹೊಸ ಸಹಿ ಹಾಕಿದ ಪ್ರತಿಯನ್ನು ತನ್ನ ಸಹಾಯ ಪುಟದಿಂದಲೇ ಕೊಡುತ್ತದೆ. ಅದನ್ನೂ ಹೊಸ ಮ್ಯಾಕಿನಲ್ಲಿಯೇ ಇಳಿಸಿಕೊಂಡೆ, ಏಕೆಂದರೆ 2021ರ ಸೆಪ್ಟೆಂಬರ್ 30ರಂದು ತಾಣಗಳ ಗುರುತನ್ನು ದೃಢಪಡಿಸಲು ಬೇಕಾದ ಹಳೆಯ ರೂಟ್ (ಮೂಲ) ಸರ್ಟಿಫಿಕೇಟೊಂದರ ಅವಧಿ ಮುಗಿದ ಮೇಲೆ ಹಳೆಯ ಮ್ಯಾಕುಗಳ ಸಫಾರಿಯಲ್ಲಿ ಎಷ್ಟೋ ತಾಣಗಳು ತೆರೆಯುವುದೇ ಇಲ್ಲ. ಪುಟದ ವಿಳಾಸ ಎಚ್‌ಟಿಟಿಪಿಎಸ್ ಆಗಿದ್ದರೂ ಎಲ್ ಕ್ಯಾಪಿಟನ್ನಿನ ಡೌನ್‌ಲೋಡ್ ಕೊಂಡಿ ಮಾತ್ರ ಬರಿಯ ಎಚ್‌ಟಿಟಿಪಿ. ಅಂದರೆ 6 ಜಿಬಿ ಮೀರಿದ ಆ ಫೈಲು ದಾರಿಯುದ್ದಕ್ಕೂ ಗೂಢಲಿಪಿಯ ರಕ್ಷಣೆಯಿಲ್ಲದೆ, ಬಿಚ್ಚಿಟ್ಟ ಸ್ಥಿತಿಯಲ್ಲೇ ಬರುತ್ತದೆ. ಹೋಲಿಸಿ ನೋಡಲು ಹ್ಯಾಶ್ ಸಂಖ್ಯೆ (ಫೈಲಿನ ಬೈಟುಗಳಿಂದ ಲೆಕ್ಕಹಾಕಿದ ಗುರುತು) ಆ ಪುಟದಲ್ಲಿ ನನಗೆ ಕಾಣಲಿಲ್ಲ. ಹಾಗಾಗಿ ಆಪಲ್‌ನ ತಾಣದಿಂದಲೇ ಬಂದದ್ದಾದರೂ ಸಹಿಯ ಪರೀಕ್ಷೆಯನ್ನು ಬಿಡುವಂತಿರಲಿಲ್ಲ.

ಇಳಿದ ಡಿಸ್ಕ್ ಇಮೇಜಿನೊಳಗೆ ಇನ್‌ಸ್ಟಾಲ್‌ಮ್ಯಾಕ್‌ಓಎಸ್‌ಎಕ್ಸ್ ಎಂಬ ಒಂದೇ ಪ್ಯಾಕೇಜ್ ಇರುತ್ತದೆ. ಇಂಥ ಪ್ಯಾಕೇಜಿನಲ್ಲಿ ಪ್ರತಿ ಫೈಲಿನ ಹ್ಯಾಶ್ ಇರುವ ಒಂದು ಪಟ್ಟಿಯಿದ್ದು, ಸಹಿ ಬೀಳುವುದು ಆ ಪಟ್ಟಿಯ ಮೇಲೆ. ಫೈಲನ್ನು ಬದಲಿಸಿದರೆ ಅದರ ಹ್ಯಾಶ್ ಪಟ್ಟಿಗೆ ಹೊಂದುವುದಿಲ್ಲ, ಪಟ್ಟಿಯನ್ನೇ ತಿದ್ದಿದರೆ ಸಹಿ ಮುರಿಯುತ್ತದೆ. ಅದೇ ಕಮಾಂಡಿಗೆ ಬಂದ ಉತ್ತರದಲ್ಲಿ ಸರ್ಟಿಫಿಕೇಟುಗಳ ಸರಪಳಿ ಮೂರು ಸಾಲುಗಳಲ್ಲಿತ್ತು: ಸಾಫ್ಟ್‌ವೇರ್ ಅಪ್‌ಡೇಟ್, ಅದರ ಮೇಲೆ ಆಪಲ್ ಸಾಫ್ಟ್‌ವೇರ್ ಅಪ್‌ಡೇಟ್ ಸರ್ಟಿಫಿಕೇಶನ್ ಅಥಾರಿಟಿ, ತುದಿಯಲ್ಲಿ ಆಪಲ್ ರೂಟ್ ಸಿಎ. ಈ ಸಾಲುಗಳನ್ನು ನಿಧಾನವಾಗಿ ಓದಬೇಕು, 'ಸಹಿಯಾಗಿದೆ' ಎಂಬ ಪದ ಕಂಡೊಡನೆ ಸಮಾಧಾನಪಡಬಾರದು. 2016ರ ಮಾರ್ಚಿನಲ್ಲಿ ಟ್ರಾನ್ಸ್‌ಮಿಷನ್ ಎಂಬ ಟೊರೆಂಟ್ ತಂತ್ರಾಂಶದ ಅಧಿಕೃತ ತಾಣದಲ್ಲೇ ಕೆರೇಂಜರ್ ಎಂಬ, ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ರಾನ್ಸಮ್‌ವೇರ್ ಸೇರಿಸಿದ ಪ್ರತಿ ಸಿಕ್ಕಿತ್ತು. ಆ ಪ್ರತಿಗೂ ಆಪಲ್ ಹೊರಗಿನ ತಂತ್ರಾಂಶ ತಯಾರಕರಿಗೆ ಕೊಡುವ ಡೆವಲಪರ್ ಸರ್ಟಿಫಿಕೇಟಿನ ಊರ್ಜಿತ ಸಹಿಯೇ ಇತ್ತು, ಆದರೆ ಸಹಿ ಬೇರೆ ಯಾರದೋ ಆಗಿತ್ತು. ಆಪರೇಟಿಂಗ್ ಸಿಸ್ಟಂ ಇನ್‌ಸ್ಟಾಲರಿನ ಮೊದಲ ಸಾಲಿನಲ್ಲಿ ಡೆವಲಪರ್ ಐಡಿ ಎಂದು ಯಾವುದೋ ಕಂಪನಿಯ ಹೆಸರು ಕಂಡರೆ ಅದನ್ನು ಅಲ್ಲಿಗೇ ಅಳಿಸಿಬಿಡಬೇಕು.

ತುದಿಯ ರೂಟ್ ಸರ್ಟಿಫಿಕೇಟಿನ ಬೆರಳಚ್ಚನ್ನೂ ನೋಡಿದೆ. ಆಪಲ್ ತನ್ನ ರೂಟ್ ಸರ್ಟಿಫಿಕೇಟುಗಳನ್ನು ಪ್ರತ್ಯೇಕ ಪುಟದಲ್ಲಿ ಕೊಡುತ್ತದೆ. ಅಲ್ಲಿಂದ ಎಚ್‌ಟಿಟಿಪಿಎಸ್ ಮೂಲಕ ಇಳಿಸಿ, ಮ್ಯಾಕಿನಲ್ಲಿ ಸರ್ಟಿಫಿಕೇಟುಗಳನ್ನು ತೋರಿಸುವ ಕೀಚೈನ್‌ನಲ್ಲಿ ತೆರೆದರೆ ಶಾ-1 ಬೆರಳಚ್ಚು 61 1ಇ 5ಬಿ ಎಂದು ಆರಂಭವಾಗಿ 6ಸಿ 60 ಎಂದು ಮುಗಿಯುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ಪೂರ್ತಿ ಓದಿದೆ, ಹೊಂದಿದವು.

ಇಷ್ಟರಲ್ಲಿ ಆ ಹಿರಿಯರ ಮಗ, ಯಾವುದೋ ಸಂಗ್ರಹ ತಾಣದಿಂದ ಎಲ್ ಕ್ಯಾಪಿಟನ್ ಐಎಸ್‌ಒ ಫೈಲೊಂದನ್ನೂ (ಡಿಸ್ಕ್ ಇಮೇಜಿನ ಇನ್ನೊಂದು ರೂಪ) ಇಳಿಸಿಟ್ಟಿದ್ದರು, ಜೊತೆಗೆ ಒಂದು ಹ್ಯಾಶ್ ಸಂಖ್ಯೆ. ಅದು ಹೊಂದುತ್ತಿತ್ತು. ಆದರೆ ಆಪಲ್ ಎಲ್ ಕ್ಯಾಪಿಟನ್ನನ್ನು ಐಎಸ್‌ಒ ರೂಪದಲ್ಲಿ ಕೊಟ್ಟೇ ಇಲ್ಲ. ಯಾರೋ ಬಿಚ್ಚಿ ಮತ್ತೆ ಕಟ್ಟಿದ್ದು ಅದು. ಫೈಲು ಮತ್ತು ಹ್ಯಾಶ್ ಎರಡೂ ಒಬ್ಬನ ಕೈಯಿಂದಲೇ ಬಂದಾಗ ಅವು ಹೊಂದುವುದರಲ್ಲಿ ಆಶ್ಚರ್ಯವೇನಿದೆ? 2016ರ ಫೆಬ್ರವರಿಯಲ್ಲಿ ಲಿನಕ್ಸ್ ಮಿಂಟ್ ಎಂಬ ಆಪರೇಟಿಂಗ್ ಸಿಸ್ಟಮ್ಮಿನ ತಾಣಕ್ಕೆ ನುಗ್ಗಿದವರು 17.3ರ ಸಿನಮನ್ ಆವೃತ್ತಿಯ ಕೊಂಡಿಯನ್ನೇ ಹಿಂಬಾಗಿಲಿರುವ ಪ್ರತಿಯತ್ತ ತಿರುಗಿಸಿದ್ದರು; ತಾಣವೇ ಕೈತಪ್ಪಿದಾಗ ಅದೇ ತಾಣದ ಹ್ಯಾಶ್ ಸಾಕ್ಷಿಯಾಗಿ ನಿಲ್ಲುವುದಿಲ್ಲ. ಐಎಸ್‌ಒ ಫೈಲನ್ನು ನಾನು ಬಳಸಲಿಲ್ಲ.

ಹ್ಯಾಶ್ ಹೊಂದದಿದ್ದರೆ ಗಾಬರಿಯಾಗುವವರಿಗೆ ಇನ್ನೊಂದು ಮಾತು. ಅಂತರ್ಜಾಲದಲ್ಲಿ ಓಡಾಡುವ ಹಳೆಯ ಹ್ಯಾಶ್ ಪಟ್ಟಿಗಳು 2019ಕ್ಕಿಂತ ಮುಂಚಿನ ಪ್ರತಿಗಳವಾಗಿರಬಹುದು. ಒಳಗಿನ ಪ್ಯಾಕೇಜುಗಳಿಗೆ ಹೊಸ ಸಹಿ ಬಿದ್ದ ಮೇಲೆ ಬೈಟುಗಳೂ ಬದಲಾಗುತ್ತವೆ, ಹ್ಯಾಶ್ ಕೂಡ ಬದಲಾಗುತ್ತದೆ. ಎರಡೂ ಪ್ರತಿಗಳು ಅಸಲಿಯೇ ಆಗಿದ್ದರೂ ಅವುಗಳ ಹ್ಯಾಶ್ ಒಂದೇ ಆಗಿರಬೇಕಿಲ್ಲ.

ಪರೀಕ್ಷೆ ಮುಗಿದ ಪ್ಯಾಕೇಜನ್ನು ಹಳೆಯ ಲ್ಯಾಪ್‌ಟಾಪಿನಲ್ಲಿ ಓಡಿಸಿದೆ. ಅದು ಅಪ್ಲಿಕೇಶನ್ಸ್ ಫೋಲ್ಡರಿನಲ್ಲಿ ಇನ್‌ಸ್ಟಾಲರನ್ನು ಇಟ್ಟಿತು. ಅದರೊಳಗಿನ ಕ್ರಿಯೇಟ್‌ಇನ್‌ಸ್ಟಾಲ್‌ಮೀಡಿಯಾ ಎಂಬ ಸಾಧನದಿಂದ ಬೂಟ್ ಆಗುವ ಪೆನ್‌ಡ್ರೈವ್ ಮಾಡಿ, ಗಡಿಯಾರವನ್ನು ಮುಟ್ಟದೆ ಎಸ್‌ಎಸ್‌ಡಿಗೆ ಇನ್‌ಸ್ಟಾಲ್ ಮಾಡಿದೆ. ಮೂಲ ಡಿಸ್ಕ್ ಇಮೇಜಿನ ಶಾ-256 ಹ್ಯಾಶನ್ನು ತೆಗೆದು ಕಾಗದದ ಮೇಲೆ ಬರೆದು, ಪೆನ್‌ಡ್ರೈವ್ ಇಟ್ಟ ಡಬ್ಬಿಯೊಳಗೆ ಹಾಕಿ ಅವರಿಗೆ ಕೊಟ್ಟೆ. ಅದರ ಕೆಳಗೆ ಇನ್ನೊಂದು ಸಾಲನ್ನೂ ಬರೆದೆ: ಹೊಸ ಸಹಿಯ ಸರ್ಟಿಫಿಕೇಟಿನ ಅವಧಿ 2029ರ ಏಪ್ರಿಲ್ 14ರವರೆಗೆ, ಆಮೇಲೆ ಅದೇ ಸಂದೇಶ ಬಂದರೆ ಮೊದಲು ಈ ಹ್ಯಾಶನ್ನು ಹೋಲಿಸಿ ನೋಡುವುದು.