ಅಂಗನವಾಡಿಯಲ್ಲಿ ನಡೆಯುವ ಕಲಿಕೆ ಊರಿನ ಕಣ್ಣಿಗೆ ಬೀಳುವಂತೆ ಮಾಡುವುದು ಹೇಗೆ?

ಕರ್ನಾಟಕದಲ್ಲಿ ಅಂಗನವಾಡಿಗಳನ್ನು ನಡೆಸುವ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು 1975ರ ಅಕ್ಟೋಬರ್ 2ರಂದು ನಮ್ಮ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿಯೇ ಆರಂಭವಾಯಿತು. ಅಂದಿನಿಂದ ಅರ್ಧ ಶತಮಾನ ಕಳೆದರೂ ಈ ಭಾಗದ ಹಳ್ಳಿಗಳಲ್ಲಿ ಅಂಗನವಾಡಿ ಎಂದೊಡನೆ ಜನರ ನೆನಪಿಗೆ ಬರುವುದು ಮೊಟ್ಟೆ, ಹಾಲು, ತೂಕದ ಯಂತ್ರಗಳೇ ಹೊರತು ಕಲಿಕೆಯಲ್ಲ. "ಮಗು ಅಲ್ಲಿ ಆಡಿಕೊಂಡಿರುತ್ತೆ" ಎನ್ನುವ ತಾಯಿಯೇ, ಮೂರೂವರೆ ವರ್ಷ ತುಂಬುತ್ತಿದ್ದಂತೆ ಅದೇ ಮಗುವನ್ನು ಹಳದಿ ವ್ಯಾನು ಹತ್ತಿಸಿ ಎಲ್‌ಕೆಜಿಗೆ ಕಳುಹಿಸುತ್ತಾಳೆ. ಇದರಲ್ಲಿ ತಾಯಿಯ ತಪ್ಪನ್ನಷ್ಟೇ ಎಣಿಸುವುದು ಸರಿಯಲ್ಲ. ಆಟದೊಳಗಿನ ಪಾಠವನ್ನು ಅಂಗನವಾಡಿ ಕಾರ್ಯಕರ್ತೆಯರಾದ ನಾವು ಬರೆದೂ ಇಟ್ಟಿಲ್ಲ, ಆಕೆಗೆ ಬಾಯಿಬಿಟ್ಟು ಹೇಳಿಯೂ ಇಲ್ಲ. ಗೌರವಧನದ ಏರಿಕೆಗೆ ಸಂಘದ ಹೋರಾಟ ಬೇಕೇಬೇಕು. ಆದರೆ ವೃತ್ತಿಗೆ ಸಲ್ಲಬೇಕಾದ ಮನ್ನಣೆಯ ಒಂದು ಪಾಲನ್ನು ಕೇಂದ್ರದ ನಾಲ್ಕು ಗೋಡೆಗಳ ನಡುವೆಯೇ ಗಳಿಸಬಹುದು, ಮತ್ತು ಅದಕ್ಕೆ ಬೇಕಾದ ಮೊದಲ ಸಾಧನ ನೂರು ಪುಟದ ಒಂದು ನೋಟ್‌ಬುಕ್.

ದಾಖಲೆ ಪುಸ್ತಕಗಳ ರಾಶಿಯ ಮೇಲೆ ಪೋಷಣ್ ಟ್ರ್ಯಾಕರ್ ಆ್ಯಪ್ ಕೂಡ ಇರುವಾಗ ಇನ್ನೊಂದು ಬರವಣಿಗೆಯೇ ಎಂದು ಕಾರ್ಯಕರ್ತೆಯರು ಕೇಳಬಹುದು. ಕೇಳುವುದು ನ್ಯಾಯವೂ ಹೌದು. ಆದರೆ ಅವೆಲ್ಲ ಇಲಾಖೆಗಾಗಿ ಬರೆಯುವಂಥವು, ಅಲ್ಲಿ ಮಗು ಕೆಜಿ ಮತ್ತು ಸೆಂಟಿಮೀಟರುಗಳಲ್ಲಿ ಮುಗಿದುಹೋಗುತ್ತದೆ. ಈ ನೋಟ್‌ಬುಕ್ ನಿಮ್ಮದು. ದಿನಕ್ಕೆ ಇಬ್ಬರು ಮಕ್ಕಳ ಬಗ್ಗೆ ನಾಲ್ಕು ನಾಲ್ಕು ಸಾಲು ಬರೆದರೆ, ಇಪ್ಪತ್ತು ಮಕ್ಕಳಿರುವ ಕೇಂದ್ರದಲ್ಲಿ ಎರಡು ವಾರದೊಳಗೆ ಒಂದು ಸುತ್ತು ಮುಗಿಯುತ್ತದೆ.

ಏನು ಬರೆಯಬೇಕೆಂಬುದೇ ಇಲ್ಲಿ ಮುಖ್ಯ. "ಇಂದು ಚೆನ್ನಾಗಿ ಎಣಿಸಿದನು" ಎಂಬುದು ಅಭಿಪ್ರಾಯವಾಯಿತೇ ಹೊರತು ವೀಕ್ಷಣೆಯಾಗಲಿಲ್ಲ. ಕಂಡದ್ದನ್ನು ಕಂಡಂತೆ ಹೀಗೆ ಬರೆಯಿರಿ: "ಹುಣಸೆ ಬೀಜಗಳನ್ನು ಒಂದೊಂದಾಗಿ ಸರಿಸುತ್ತ ಐದರವರೆಗೆ ಎಣಿಸಿದನು. ಆರನೆಯದನ್ನು ಸರಿಸುವಾಗ ಏಳು ಎಂದನು. ಪಕ್ಕದ ಹುಡುಗಿ ನಕ್ಕಾಗ ಬೀಜಗಳನ್ನೆಲ್ಲ ಮತ್ತೆ ಗುಡ್ಡೆ ಮಾಡಿ ಮೊದಲಿನಿಂದ ಎಣಿಸಿದನು. ಈ ಸಲ ಆರು ಸರಿಯಾಯಿತು." ಒಂದು ವಸ್ತುವಿಗೆ ಒಂದೇ ಸಂಖ್ಯೆಯನ್ನು ಹೊಂದಿಸಲು ಆತನಿಗೆ ಬರುತ್ತದೆ, ಐದರಾಚೆಯ ಕ್ರಮ ಇನ್ನೂ ಗಟ್ಟಿಯಾಗಿಲ್ಲ, ತಪ್ಪಿದರೆ ಎದ್ದುಹೋಗುವ ಸ್ವಭಾವ ಆತನದಲ್ಲ ಎಂಬ ಮೂರು ಸಂಗತಿಗಳು ಈ ಸಾಲುಗಳಿಂದ ತಿಳಿಯುತ್ತವೆ. ನಾಳೆ ಆತನಿಗೆ ಕೊಡಬೇಕಾದ ಚಟುವಟಿಕೆಯೂ ತಾನಾಗಿ ಹೊಳೆಯುತ್ತದೆ: ಅಳಗುಳಿ ಮಣೆಯ ಗುಳಿಗಳಿಗೆ ಏಳೆಂಟು ಬೀಜಗಳನ್ನು ಎಣಿಸಿ ಹಂಚುವ ಆಟ. ಇದನ್ನು ಮಾಡಬಲ್ಲವಳು ಮಕ್ಕಳನ್ನು ಸುಮ್ಮನೆ ಕೂರಿಸಿಕೊಂಡವಳಲ್ಲ, ಶಿಕ್ಷಕಿ.

ತಾಯಂದಿರ ಸಭೆಯಲ್ಲಿ ಈ ಪುಟಗಳನ್ನು ಬಳಸುವಾಗ ಎಚ್ಚರ ಬೇಕು. ಒಂದು ಮಗುವಿನ ಪುಟವನ್ನು ಎಲ್ಲರೆದುರು ಓದದೆ, ಸಭೆ ಮುಗಿದ ಮೇಲೆ ಅದರ ತಾಯಿಯನ್ನು ಮಾತ್ರ ಕೂರಿಸಿಕೊಂಡು ಓದಿ ಹೇಳಬೇಕು. ಮಗುವಿನ ಕೊರತೆಯ ಮಾತು ಅರಳಿಕಟ್ಟೆಗೆ ಹೋಯಿತೆಂದರೆ ಆ ಮನೆಯ ವಿಶ್ವಾಸ ಮರಳುವುದಿಲ್ಲ. ಮೂರು ವರ್ಷವಾದರೂ ಎರಡು ಪದ ಜೋಡಿಸಿ ಆಡದ, ಹಿಂದಿನಿಂದ ಕರೆದರೆ ತಿರುಗದ ಮಗುವಿದ್ದರೆ ನೀವಾಗಿ ಕಾಯಿಲೆಯ ಹೆಸರು ಹೇಳಲು ಹೋಗಬೇಡಿ. ಯಾವ ದಿನ ಏನು ಕಂಡಿರಿ ಎಂಬುದನ್ನಷ್ಟೇ ತಾಯಿಗೆ ತೋರಿಸಿ, ಮೇಲ್ವಿಚಾರಕಿಗೆ ತಿಳಿಸಿ, ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಿಂದ ಇರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕರೆದೊಯ್ಯುವಂತೆ ಹೇಳಿ. ದಿನಾಂಕ ಸಹಿತ ಬರೆದ ನಾಲ್ಕು ತಿಂಗಳ ಟಿಪ್ಪಣಿ, ಅಲ್ಲಿನ ತಜ್ಞರಿಗೆ "ಇವನು ಮಾತಾಡಲ್ಲ" ಎಂಬ ಒಂದು ಮಾತಿಗಿಂತ ಎಷ್ಟೋ ಹೆಚ್ಚು ನೆರವಾಗುತ್ತದೆ.

ಇನ್ನೊಂದು ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಊರಿನವರು ತನ್ನನ್ನು "ಟೀಚರ್" ಎಂದು ಬಹುವಚನದಲ್ಲಿ ಕರೆಯಬೇಕೆಂದು ಬಯಸುವವರು, ಮಕ್ಕಳೆದುರು ಸಹಾಯಕಿಯನ್ನು ಏಕವಚನದಲ್ಲಿ ಕೂಗುವುದನ್ನು ನಿಲ್ಲಿಸಬೇಕು. ಮಕ್ಕಳು ಮನೆಗೆ ಹೋಗಿ ನಮ್ಮದೇ ಧಾಟಿಯನ್ನು ಒಪ್ಪಿಸುತ್ತಾರೆ.

ವಿದ್ಯಾರ್ಹತೆಯ ವಿಷಯದಲ್ಲಿ, 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಮೂರರಿಂದ ಎಂಟು ವರ್ಷದವರೆಗಿನ ಕಲಿಕೆಯನ್ನು ಒಂದೇ ಬುನಾದಿ ಹಂತವೆಂದು ಪರಿಗಣಿಸಿ, ಪಿಯುಸಿ ಅಥವಾ ಹೆಚ್ಚು ಓದಿದ ಕಾರ್ಯಕರ್ತೆಯರಿಗೆ ಆರು ತಿಂಗಳ ಸರ್ಟಿಫಿಕೇಟ್ ತರಬೇತಿಯನ್ನೂ, ಅದಕ್ಕಿಂತ ಕಡಿಮೆ ಓದಿದವರಿಗೆ ಒಂದು ವರ್ಷದ ಡಿಪ್ಲೊಮಾವನ್ನೂ ಸೂಚಿಸಿದೆ. 2023ರಲ್ಲಿ ಆರಂಭವಾದ "ಪೋಷಣ್ ಭೀ ಪಢಾಯಿ ಭೀ" (ಪೋಷಣೆಯೂ ಓದೂ) ಕಾರ್ಯಕ್ರಮದಡಿಯೂ ತರಬೇತಿ ನಡೆಯುತ್ತಿದೆ. ಯಾವ ತರಬೇತಿಗೆ ಹೋದರೂ ಪ್ರಮಾಣಪತ್ರವನ್ನು ಕೇಳಿ ಪಡೆಯಿರಿ.

ಕೊನೆಯದಾಗಿ ಸೇವಾ ಕಡತ, ಅಂದರೆ ನಮ್ಮ ಕೆಲಸದ ದಾಖಲೆಪತ್ರಗಳು. ಅಂಗನವಾಡಿ ಕಾರ್ಯಕರ್ತೆಯರದು ಸರ್ಕಾರದ ಸಿವಿಲ್ ಹುದ್ದೆಯಲ್ಲವೆಂದು ಸುಪ್ರೀಂ ಕೋರ್ಟ್ 2006ರಲ್ಲಿ, ಕರ್ನಾಟಕದ್ದೇ ಒಂದು ಪ್ರಕರಣದಲ್ಲಿ ಹೇಳಿತ್ತು. ಅದೇ ನ್ಯಾಯಾಲಯ ಗುಜರಾತಿನ ಪ್ರಕರಣವೊಂದರಲ್ಲಿ 2022ರ ಏಪ್ರಿಲ್ 25ರಂದು, 1972ರ ಉಪಧನ (ಗ್ರಾಚ್ಯುಟಿ, ಕೆಲಸ ಬಿಡುವಾಗ ಸೇವೆಯ ವರ್ಷಗಳಿಗೆ ತಕ್ಕಂತೆ ಸಿಗುವ ಇಡುಗಂಟು) ಪಾವತಿ ಕಾಯ್ದೆಯು ಕಾರ್ಯಕರ್ತೆಯರಿಗೂ ಸಹಾಯಕಿಯರಿಗೂ ಅನ್ವಯಿಸುತ್ತದೆಂದು ತೀರ್ಪು ನೀಡಿತು. 2025ರ ನವೆಂಬರ್‌ನಲ್ಲಿ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿಹೋದ ಆ ಕಾಯ್ದೆಯ ಲೆಕ್ಕದಲ್ಲಿ ಕೊನೆಯ ತಿಂಗಳ ಸಂಬಳವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಬಂದದ್ದನ್ನು ಸೇವೆಯ ವರ್ಷಗಳಿಂದ ಗುಣಿಸಬೇಕಿತ್ತು. 13,000 ರೂಪಾಯಿ ಮತ್ತು 20 ವರ್ಷ ಎಂದಿಟ್ಟುಕೊಂಡರೆ 1,50,000 ರೂಪಾಯಿ ಆಗುತ್ತಿತ್ತು. ಅಂದಮೇಲೆ ಕೆಲಸಕ್ಕೆ ಸೇರಿದ ದಿನಾಂಕಕ್ಕೆ ಎಷ್ಟು ಬೆಲೆಯಿದೆ ನೋಡಿ. ನನ್ನ ನೇಮಕಾತಿ ಆದೇಶವನ್ನು ನಾನು ಕೇಂದ್ರದ ಬೀರುವಿನಲ್ಲಿಯೇ ಇಟ್ಟಿದ್ದೆ. ಒಂದು ಮಳೆಗಾಲದಲ್ಲಿ ಸೂರು ಸೋರಿ, ದಿನಾಂಕವಿದ್ದ ಮೂಲೆಯೇ ಅಳಿಸಿಹೋಗಿ, ಅದರ ದೃಢೀಕೃತ ನಕಲಿಗಾಗಿ ಕಚೇರಿಗೆ ಹಲವು ಸಲ ಅಲೆದೆ. ನೇಮಕಾತಿ ಆದೇಶ, ಕೆಲಸಕ್ಕೆ ಹಾಜರಾದ ವರದಿ, ವರ್ಗಾವಣೆಯಾಗಿದ್ದರೆ ಅದರ ಆದೇಶ, ತರಬೇತಿಯ ಪ್ರಮಾಣಪತ್ರಗಳು, ಗೌರವಧನ ಜಮೆಯಾದ ಪಾಸ್‌ಬುಕ್ಕಿನ ಪುಟಗಳು, ಇವುಗಳ ಎರಡೆರಡು ಜೆರಾಕ್ಸ್ ಮಾಡಿಸಿ, ಮೂಲಪ್ರತಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಮನೆಯಲ್ಲಿಯೇ ಇಟ್ಟುಕೊಳ್ಳಿ.