ಇಗರ್ಜಿಯ ಜ್ಞಾನಸ್ನಾನ ಪುಸ್ತಕ ಓದಿದ ಬಗೆ: ಕಾಸರಗೋಡಿನಿಂದ ನನ್ನ ಅನುಭವ

ಕಥೋಲಿಕ ಅಧ್ಯಯನ ಎಂದರೆ ಸೆಮಿನರಿಯ ದೇವಶಾಸ್ತ್ರ ಎಂದುಕೊಂಡವರೇ ಹೆಚ್ಚು. ವಿಶ್ವವಿದ್ಯಾಲಯದಲ್ಲಿ ಅದರ ಕೆಲಸ ಬೇರೆ. ನಂಬಿಕೆ ಉಳ್ಳವರೂ ಇಲ್ಲದವರೂ ಒಂದೇ ಅಳತೆಗೋಲಿನಿಂದ ಪರೀಕ್ಷಿಸಬಹುದಾದ ಆಧಾರಗಳನ್ನು ಹುಡುಕಿ, ಓದಿ, ಎಲ್ಲರ ಮುಂದಿಡುವುದು. ಮೈಸೂರು, ಮದರಾಸು ವಿಶ್ವವಿದ್ಯಾಲಯಗಳಲ್ಲಿ ಕ್ರೈಸ್ತ ಅಧ್ಯಯನಕ್ಕೆ ವಿಭಾಗಗಳಿವೆ. ಆದರೆ ಇತಿಹಾಸ, ಸಮಾಜಶಾಸ್ತ್ರ, ಕನ್ನಡ ವಿಭಾಗದಲ್ಲಿ ಕುಳಿತೂ ಇದನ್ನು ಮಾಡಬಹುದು. ಇಲ್ಲಿ ಹೇಳುವುದು ಇಗರ್ಜಿಗಳು (ಚರ್ಚುಗಳು) ಬರೆದಿಡುವ ಜ್ಞಾನಸ್ನಾನ (ಬ್ಯಾಪ್ಟಿಸಂ), ಮದುವೆ, ಮರಣದ ಪುಸ್ತಕಗಳನ್ನು ಓದುವ ಕ್ರಮ.

ಮೊದಲು ಯಾವ ಇಗರ್ಜಿ ಯಾರ ಕೈಕೆಳಗೆ ಎಂದು ತಿಳಿದಿರಬೇಕು. ಕಾಸರಗೋಡು ಜಿಲ್ಲೆ ಈ ವಿಷಯದಲ್ಲಿ ತೊಡಕಿನದು. ಬೇಳದ ಶೋಕಮಾತೆಯ ಇಗರ್ಜಿ (1890) ಮಂಗಳೂರು ಧರ್ಮಪ್ರಾಂತ್ಯದ್ದು, ಅಂದರೆ ಮಂಗಳೂರು ಬಿಷಪರ ಆಡಳಿತದ್ದು. ಅಲ್ಲಿನ ಮನೆಮಾತು ಕೊಂಕಣಿ, ಬರೆಯುವ ಲಿಪಿ ಕನ್ನಡ. ರಾಜಪುರದ ಕಡೆಯವರು 1943ರಿಂದ ತಿರುವಾಂಕೂರು ಕಡೆಯಿಂದ ಬಂದು ನೆಲೆಸಿದ ಕ್ನಾನಾಯರು (ಸಿರಿಯನ್ ಕಥೋಲಿಕರಲ್ಲೇ ಒಂದು ಪ್ರತ್ಯೇಕ ಸಮುದಾಯ), ಕೋಟ್ಟಯಂ ಧರ್ಮಪ್ರಾಂತ್ಯಕ್ಕೆ ಸೇರಿದವರು. ಮಲೆಯಂಚಿನ ಉಳಿದ ಸಿರೋ ಮಲಬಾರ್ (ಸಿರಿಯನ್ ಪೂಜಾಕ್ರಮದ ಕೇರಳದ ಕಥೋಲಿಕ ಸಭೆಯ) ಇಗರ್ಜಿಗಳು 1953ರಲ್ಲಿ ಆದ ತಲಶ್ಶೇರಿ ಧರ್ಮಪ್ರಾಂತ್ಯದವು. 1923ರಲ್ಲಿ ಕಲ್ಲಿಕೋಟೆ ಬೇರೆ ಧರ್ಮಪ್ರಾಂತ್ಯವಾಗುವ ತನಕ ದಕ್ಷಿಣದ ಲ್ಯಾಟಿನ್ (ರೋಮನ್ ಪೂಜಾಕ್ರಮದ) ಇಗರ್ಜಿಗಳ ಪತ್ರವ್ಯವಹಾರವೂ ಮಂಗಳೂರಿನದೇ. ಇಷ್ಟು ಗೊತ್ತಿಲ್ಲದೆ ಹೊರಟರೆ ವಾರಗಟ್ಟಲೆ ತಪ್ಪು ಬಾಗಿಲು ಬಡಿಯಬೇಕಾಗುತ್ತದೆ.

ಅನುಮತಿಯನ್ನು ಬಿಷಪರ ಕಚೇರಿಯಿಂದ ಲಿಖಿತವಾಗಿಯೇ ಪಡೆಯಬೇಕು. ವಿಗಾರರ (ಇಗರ್ಜಿಯ ಮುಖ್ಯ ಪಾದ್ರಿಯ) ಬಾಯಿಮಾತು ಸಾಲದು. 1983ರ ಧರ್ಮಸಭಾ ಸಂಹಿತೆಯ (ಕಥೋಲಿಕ ಸಭೆಯ ಕಾನೂನು ಪುಸ್ತಕದ) 487ನೇ ವಿಧಿಯಂತೆ ತನ್ನ ಸ್ವಂತ ದಾಖಲೆಯ ಪ್ರತಿ ಕೇಳುವುದು ವ್ಯಕ್ತಿಯ ಹಕ್ಕು. ಸಂಶೋಧಕರಿಗೆ ಆ ಹಕ್ಕಿಲ್ಲ, ಕೇಳಿಕೊಳ್ಳಬೇಕು. ಯಾವ ಪುಸ್ತಕ, ಯಾವ ವರ್ಷಗಳು, ಯಾರು ಮುಟ್ಟುತ್ತಾರೆ, ಪ್ರತಿ ಎಲ್ಲಿರುತ್ತದೆ: ಈ ನಾಲ್ಕನ್ನೂ ಒಂದೇ ಪುಟದಲ್ಲಿ ಬರೆದುಕೊಡಿ. ಪುಸ್ತಕ ಇಗರ್ಜಿಯ ಕೋಣೆ ಬಿಟ್ಟು ಹೊರಬರಬಾರದು.

ಚಿತ್ರ ತೆಗೆಯಲು ಜನವರಿಯಿಂದ ಏಪ್ರಿಲ್ ಒಳ್ಳೆಯದು. ಮಳೆಗಾಲದ ತೇವಕ್ಕೆ ಕಾಗದ ಉಬ್ಬಿರುತ್ತದೆ, ಹಳೆಯ ಕಬ್ಬಿಣದ ಶಾಯಿ ತಿಂದ ಕಡೆ ಅಕ್ಷರವೇ ಕಳಚಿ ಬೀಳುತ್ತದೆ. ಕೈಗವಸು ಬೇಡ, ತೊಳೆದು ಒರೆಸಿದ ಬರಿಗೈಗೆ ಹಾಳೆಯ ಅಂಚು ಚೆನ್ನಾಗಿ ತಿಳಿಯುತ್ತದೆ. ಫ್ಲ್ಯಾಶ್ ಬೇಡ, ಎರಡು ಬದಿಯಿಂದ 45 ಡಿಗ್ರಿಯಲ್ಲಿ ದೀಪ ಸಾಕು. ಹರಿದದ್ದಕ್ಕೆ ಸೆಲ್ಲೋಟೇಪ್ ಹಚ್ಚುವ ಉಪಕಾರವನ್ನು ದಯವಿಟ್ಟು ಯಾರೂ ಮಾಡಬೇಡಿ.

ನಿಜವಾದ ಕಷ್ಟ ಓದುವುದರಲ್ಲಿದೆ. ಹಳೆಯ ನಮೂದುಗಳು ಲ್ಯಾಟಿನ್. ವಾಕ್ಯ ಹೆಚ್ಚುಕಡಿಮೆ ಒಂದೇ: ‘ಎಗೊ ಇನ್ಫ್ರಾಸ್ಕ್ರಿಪ್ತುಸ್ ಬಾಪ್ತಿಜಾವಿ’, ಕೆಳಗೆ ಸಹಿ ಮಾಡಿದ ನಾನು ಜ್ಞಾನಸ್ನಾನ ಕೊಟ್ಟೆನು. ಆಮೇಲೆ ಮಗುವಿನ ಹೆಸರು, ಹುಟ್ಟಿದ ದಿನ, ತಂದೆತಾಯಿ, ಜ್ಞಾನ ತಂದೆತಾಯಿ (ಗಾಡ್‌ಪೇರೆಂಟ್ಸ್). ಹೆಸರುಗಳಿಗೆ ವಿಭಕ್ತಿ ಹತ್ತಿರುತ್ತದೆ. ಪೆತ್ರುಸ್, ಪೆತ್ರಿ, ಪೆತ್ರೊ ಮೂರೂ ಒಬ್ಬನೇ. ಮನೆಯಲ್ಲಿ ಅವನು ಪೆದ್ರು. ಇದನ್ನು ಅರಿಯದೆ ಕಂಪ್ಯೂಟರಿಗೆ ಏರಿಸಿದರೆ ರಾಮ, ರಾಮನ, ರಾಮನಿಂದ ಎಂಬುವರು ಮೂವರು ಎಂದಂತಾಗುತ್ತದೆ. ಆದ್ದರಿಂದ ಕೋಷ್ಟಕದಲ್ಲಿ ಮೂರು ಕಾಲಂ ಇಡುತ್ತೇವೆ: ಪುಸ್ತಕದಲ್ಲಿ ಇದ್ದಂತೆ, ಪ್ರಥಮಾ ವಿಭಕ್ತಿಯಲ್ಲಿ, ಕೊಂಕಣಿ ಬಳಕೆಯಲ್ಲಿ. ಮೊದಲ ಕಾಲಂ ತಿದ್ದುವಂತಿಲ್ಲ.

ತಿಂಗಳಿನಲ್ಲೂ ಗುಂಡಿ ಇದೆ. ‘7ಬ್ರಿಸ್’ ಎಂದರೆ ಜುಲೈ ಅಲ್ಲ, ಸೆಪ್ಟೆಂಬರ್, ‘8ಬ್ರಿಸ್’ ಅಕ್ಟೋಬರ್. ಮಾರ್ಚಿನಿಂದ ಎಣಿಸುವ ಹಳೆಯ ರೋಮನ್ ಲೆಕ್ಕದಿಂದ ಬಂದ ಹೆಸರುಗಳಿವು. ಇಲ್ಲಿ ತಪ್ಪಿದರೆ ಹುಟ್ಟಿಗೂ ಜ್ಞಾನಸ್ನಾನಕ್ಕೂ ನಡುವಿನ ದಿನಗಳ ಲೆಕ್ಕವೆಲ್ಲ ಕೆಡುತ್ತದೆ. ಆ ಲೆಕ್ಕ ಬೆಲೆಯುಳ್ಳದ್ದು: ಹೊಳೆ ತುಂಬುವ ಆಟಿ ತಿಂಗಳಲ್ಲಿ (ಜುಲೈ–ಆಗಸ್ಟ್) ಅಂತರ ಹಿಗ್ಗುತ್ತದೆಯೇ ಎಂದು ಅದರಿಂದಲೇ ನೋಡಬೇಕು. ಸಾಯುವ ಅಪಾಯವಿದ್ದ ಕೂಸಿಗೆ ಸೂಲಗಿತ್ತಿಯೇ ನೀರು ಹಾಕಿದ್ದರೆ ‘ಒಬ್ಸ್ತೆತ್ರಿಚೆ’ ಎಂಬ ಪದ ಸಿಗುತ್ತದೆ. ಬೇರೆಲ್ಲೂ ಸುಳಿವೇ ಇಲ್ಲದ ಹೆಂಗಸರ ಕೆಲಸ ಆ ಒಂದು ಪದದಲ್ಲಿ ಉಳಿದಿದೆ.

ಅಂಚನ್ನು ಬಿಡಬೇಡಿ. 1908ರಿಂದ ಮದುವೆಯನ್ನು ಜ್ಞಾನಸ್ನಾನದ ನಮೂದಿನ ಪಕ್ಕದಲ್ಲಿ ಬರೆಯುವ ನಿಯಮ ಬಂತು. ಹಾಗಾಗಿ ಇಲ್ಲಿ ಹುಟ್ಟಿ ಬೊಂಬಾಯಿಯಲ್ಲಿ ಮದುವೆಯಾದವರ ಜಾಡು ಇಲ್ಲಿಯೇ ಸಿಗಬಹುದು. ಚಿತ್ರ ತೆಗೆಯುವಾಗ ಹಾಳೆಯ ಅಂಚು ಚೌಕಟ್ಟಿನಾಚೆ ಹೋದರೆ ಈ ಮಾಹಿತಿ ಅಷ್ಟೂ ಹೋಯಿತು.

ಅತಿ ದೊಡ್ಡ ತಪ್ಪು ಮದುವೆ ಪುಸ್ತಕದಲ್ಲಿ ಆಗುತ್ತದೆ. ರಕ್ತಸಂಬಂಧದ ಮದುವೆಗೆ ಕೊಟ್ಟ ವಿನಾಯಿತಿಗಳನ್ನು ಎಣಿಸಿ, 1918ರ ನಂತರ ಅವು ಇಳಿದದ್ದು ಕಂಡು, ‘ಒಳಮದುವೆ ಕಡಿಮೆಯಾಯಿತು’ ಎಂದು ಬರೆದುಬಿಡುತ್ತಾರೆ. ಬದಲಾದದ್ದು ಕಾನೂನು. 1215ರಿಂದ, ಇಬ್ಬರಿಗೂ ಸಮಾನ ಪೂರ್ವಜರಿಂದ ಎಣಿಸಿ, ನಾಲ್ಕನೇ ತಲೆಯವರೆಗೂ ತಡೆ ಇತ್ತು. 1918ರಲ್ಲಿ ಜಾರಿಗೆ ಬಂದ ಸಂಹಿತೆ ಅದನ್ನು ಮೂರಕ್ಕೆ ಇಳಿಸಿತು. ನಾಲ್ಕನೇ ತಲೆಯವರಿಗೆ ವಿನಾಯಿತಿಯೇ ಬೇಡವಾಯಿತು. 1983ರಲ್ಲಿ ಎಣಿಕೆಯೇ ಬದಲಾಯಿತು, ಒಂದು ಬದಿಯ ತಲೆಗಳ ಬದಲು ಎರಡೂ ಬದಿಯವನ್ನು ಕೂಡಿಸಿ ಎಣಿಸುವುದಾಯಿತು: ಸೋದರಮಾವನ ಮಗಳು ಹಿಂದೆ ‘ಎರಡನೇ ದರ್ಜೆ’, ಈಗ ‘ನಾಲ್ಕನೇ ದರ್ಜೆ’. 1918ರ ಸಂಹಿತೆ ಲ್ಯಾಟಿನ್ ಸಭೆಗೆ ಮಾತ್ರ ಅನ್ವಯ. ಸಿರೋ ಮಲಬಾರ್ ಸಭೆಯವಾದ ರಾಜಪುರದ ಪುಸ್ತಕಗಳನ್ನು ಈ ಲೆಕ್ಕಕ್ಕೆ ಸೇರಿಸುವಂತಿಲ್ಲ. ಇಂಥದ್ದಕ್ಕೇ ವಿಶ್ವವಿದ್ಯಾಲಯದಲ್ಲಿ ಈ ವಿಷಯ ಬಲ್ಲವರು ಬೇಕು ಎನ್ನುವುದು. ಬರಿಯ ಅಂಕಿಅಂಶ ಬಲ್ಲವರಿಗೆ ಸಂಹಿತೆ ಗೊತ್ತಿರುವುದಿಲ್ಲ, ಸಂಹಿತೆ ಬಲ್ಲವರು ಎಣಿಸುವುದಿಲ್ಲ.

ಕೊನೆಗೆ ಪ್ರತಿಗಳ ಮಾತು. ನಾವು 100 ವರ್ಷದೊಳಗಿನ ನಮೂದಿನಿಂದ ಹೆಸರು ತೆಗೆದು ಊರು, ವರ್ಷ ಮಾತ್ರ ಇಡುತ್ತೇವೆ. ‘ಪಾತ್ರೆ ಇಗ್ನೋತೊ’, ಅಂದರೆ ತಂದೆ ಗೊತ್ತಿಲ್ಲ, ಎಂದಿರುವ ನಮೂದುಗಳಿಗೆ ಕಾಲಮಿತಿಯೂ ಇಲ್ಲ: ಊರಿನ ಹೆಸರೂ ಹೊರಗೆ ಹೋಗುವುದಿಲ್ಲ, ಏಕೆಂದರೆ ಸಣ್ಣ ಊರಿನಲ್ಲಿ ವರ್ಷ ಹೇಳಿದರೆ ಮನೆ ಹೇಳಿದಂತೆಯೇ. ಚಿತ್ರಗಳ ಒಂದು ಹಾರ್ಡ್ ಡಿಸ್ಕ್ ಇಗರ್ಜಿಗೆ, ಒಂದು ಬಿಷಪರ ಕಚೇರಿಗೆ, ಮೂರನೆಯದು ವಿಭಾಗಕ್ಕೆ. ಇಗರ್ಜಿಗೆ ಕೊಡುವ ಡಿಸ್ಕಿನ ಜೊತೆ ಕನ್ನಡ ಲಿಪಿಯಲ್ಲಿ ಮುದ್ರಿಸಿದ ಹೆಸರಿನ ಅಕಾರಾದಿಯೂ ಇರಬೇಕು; ಪ್ರಮಾಣಪತ್ರ ಕೇಳಿ ಬಂದವರಿಗೆ ಪುಟ ಹುಡುಕಿ ಕೊಡುವಾಗ ವಿಗಾರರು ಮೊದಲು ತೆರೆಯುವುದು ಅದನ್ನೇ.