ಹಳೇ ಕಾರಿನ ಎಂಜಿನ್ ಕಟ್ಟಿದ ಮೇಲೆ ಮೊದಲ 20 ನಿಮಿಷ

ಬೋರ್ ಮಾಡಿಸಿ, ಕ್ರ್ಯಾಂಕ್ ಗ್ರೈಂಡ್ ಮಾಡಿಸಿ, ಹೊಸ ಪಿಸ್ಟನ್ ರಿಂಗು, ಬೇರಿಂಗು, ಕ್ಯಾಮ್‌ಶಾಫ್ಟು (ವಾಲ್ವ್ ತೆರೆಸುವ ದಂಡ), ಟ್ಯಾಪೆಟ್ (ಕ್ಯಾಮ್‌ಗೆ ತಾಗಿಕೊಂಡು ವಾಲ್ವ್ ಕಡೆಗೆ ತಳ್ಳುವ ತುಂಡು) ಹಾಕಿ ಎಂಜಿನ್ ಕೂರಿಸಿದ್ದಾಯಿತು. ಇನ್ನು ಕೀ ತಿರುಗಿಸುವುದೊಂದೇ ಬಾಕಿ ಅನ್ನಿಸುತ್ತದೆ. ಆದರೆ ಚಪ್ಪಟೆ ಟ್ಯಾಪೆಟ್‌ನ ಎಂಜಿನ್‌ಗಳಲ್ಲಿ ಹೊಸ ಕ್ಯಾಮ್ ಉಳಿಯುತ್ತದೋ ಇಲ್ಲವೋ ಎಂಬುದು ಹೆಚ್ಚುಕಮ್ಮಿ ಮೊದಲ 20 ನಿಮಿಷದಲ್ಲೇ ತೀರ್ಮಾನವಾಗುತ್ತದೆ. ಹಾಗಾಗಿ ನನ್ನ ಕೆಲಸವೆಲ್ಲ ಸ್ಟಾರ್ಟ್ ಮಾಡುವ ಮೊದಲೇ ನಡೆದಿರುತ್ತದೆ.

ಟ್ಯಾಪೆಟ್ ತಳ ಚಪ್ಪಟೆ ಎನ್ನುತ್ತೇವಾದರೂ ಸಾಮಾನ್ಯವಾಗಿ ಅದು ಕೂದಲೆಳೆಯಷ್ಟು ಉಬ್ಬಿರುತ್ತದೆ, ಲೋಬ್‌ಗೂ (ಟ್ಯಾಪೆಟ್ ಎತ್ತುವ ಕ್ಯಾಮ್‌ನ ಉಬ್ಬು) ಅಂಥದ್ದೇ ಸಣ್ಣ ಓರೆ. ಅದರಿಂದಲೇ ಟ್ಯಾಪೆಟ್ ತನ್ನ ಗೂಡಿನಲ್ಲಿ ತಿರುಗುತ್ತಿರುತ್ತದೆ. ತಿರುಗದೆ ನಿಂತರೆ ಒಂದೇ ಜಾಗ ಉಜ್ಜಿ ಲೋಬ್‌ನ ಮೂಗೇ ಸವೆದುಹೋಗುತ್ತದೆ. ಬಹಳಷ್ಟು ಎಂಜಿನ್‌ಗಳಲ್ಲಿ ಲೋಬ್‌ಗೆ ಪಂಪಿನಿಂದ ನೇರವಾಗಿ ಆಯಿಲ್ ಬರುವುದಿಲ್ಲ, ಕ್ರ್ಯಾಂಕ್ ಎರಚಿದ್ದೇ ಗತಿ. ಸ್ಲೋನಲ್ಲಿ (ಆಕ್ಸಿಲರೇಟರ್ ಒತ್ತದೆ) ಓಡಿದರೆ ಆ ಎರಚಲು ಸಾಲದು. ಜೋಡಿಸುವಾಗ ಲೋಬ್‌ಗೂ ಟ್ಯಾಪೆಟ್ ತಳಕ್ಕೂ ಮಾಲಿಬ್ಡಿನಮ್ ಪೇಸ್ಟ್ ಬಳಿಯುತ್ತೇನೆ. ಟ್ಯಾಪೆಟ್‌ನ ಪಕ್ಕಕ್ಕೆ ಮಾತ್ರ ಬರೀ ಆಯಿಲ್, ಇಲ್ಲದಿದ್ದರೆ ತಿರುಗಲು ತಡೆಯಾಗುತ್ತದೆ. ಒಂದೇ ಸಮನೆ ಸೆಲ್ಫ್ ಹೊಡೆಯುತ್ತಿದ್ದರೆ ಈ ಪೇಸ್ಟ್ ಒರೆಸಿಹೋಗುತ್ತದೆ. ಎಂಜಿನ್ ಮೊದಲ ಸುತ್ತುಗಳಲ್ಲೇ ಹತ್ತಿಕೊಳ್ಳಬೇಕು ಎನ್ನುವುದು ಅದಕ್ಕೇ.

ಆಯಿಲ್ 20ಡಬ್ಲ್ಯೂ-50 ಮಿನರಲ್, ಸತು-ಫಾಸ್ಫರಸ್ ಸೇರ್ಪಡೆ ಚೆನ್ನಾಗಿರುವಂಥದ್ದು. ಈಗಿನ ಕಾರುಗಳ ಆಯಿಲ್‌ನಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಕೆಡಬಾರದೆಂದು ಫಾಸ್ಫರಸ್ ಇಳಿಸಿರುತ್ತಾರೆ, ಅದು ಇಲ್ಲಿ ಬೇಡ. ರಿಂಗ್ ಸಿಲಿಂಡರಿನ ಗೋಡೆಗೆ ಹೊಂದಿ ಕೂರುವತನಕ ಸಿಂಥೆಟಿಕ್ ಕೂಡ ಬೇಡ.

ಸ್ಟಾರ್ಟ್ ಮಾಡುವ ಮೊದಲೇ ಎಂಜಿನ್ ಒಳಗೆಲ್ಲ ಆಯಿಲ್ ಹರಿದಿರಬೇಕು. ಆಯಿಲ್ ಪಂಪಿನ ಗಿಯರ್‌ಗಳ ನಡುವೆ ಪೆಟ್ರೋಲಿಯಂ ಜೆಲ್ಲಿ ತುಂಬಿದರೆ ಅದು ಬೇಗ ಆಯಿಲ್ ಎಳೆಯುತ್ತದೆ. ಗ್ರೀಸ್ ತುಂಬಬೇಡಿ, ಅದು ಕರಗದೆ ದಾರಿ ಕಟ್ಟಬಹುದು. ಡಿಸ್ಟ್ರಿಬ್ಯೂಟರ್ (ಪ್ಲಗ್‌ಗಳಿಗೆ ಕಿಡಿ ಹಂಚುವ ಭಾಗ) ದಂಡದಿಂದ ಓಡುವ ಪಂಪಾದರೆ ಡಿಸ್ಟ್ರಿಬ್ಯೂಟರ್ ತೆಗೆದು, ಡ್ರಿಲ್‌ಗೆ ಸಲಾಕೆ ಸಿಕ್ಕಿಸಿ ಸರಿಯಾದ ದಿಕ್ಕಿಗೆ ತಿರುಗಿಸಿದರಾಯಿತು. ಬಿಎಂಸಿ ಎ-ಸರಣಿಯ (ಹಳೇ ಮಿನಿಯಂಥ ಬ್ರಿಟಿಷ್ ಕಾರುಗಳ) ಎಂಜಿನ್‌ನಂತೆ ಕ್ಯಾಮ್‌ನ ಹಿಂತುದಿಯಿಂದ ಓಡುವ ಪಂಪಿಗೆ ಈ ಉಪಾಯ ನಡೆಯುವುದಿಲ್ಲ. ಅಲ್ಲಿ ಆಯಿಲ್ ಪ್ರೆಷರ್ ಗೇಜಿನ ಪೈಪ್ ಕೂರುವ ಜಾಗದಿಂದ ಒತ್ತಡದಲ್ಲಿ ಆಯಿಲ್ ತಳ್ಳಿ, ಪ್ಲಗ್‌ಗಳನ್ನೆಲ್ಲ ಬಿಚ್ಚಿ, ಇಗ್ನಿಷನ್ ವೈರ್ ಕಳಚಿ, 10 ಸೆಕೆಂಡಿನಂತೆ ಬಿಟ್ಟು ಬಿಟ್ಟು ಸೆಲ್ಫ್ ಹೊಡೆಯುತ್ತೇನೆ. ಗೇಜಿನ ಮುಳ್ಳು ಎದ್ದ ಕೂಡಲೇ ನಿಲ್ಲಿಸುತ್ತೇನೆ.

ಎಲ್ಲರೂ ಮರೆಯುವುದು ಅರ್ತ್, ಅಂದರೆ ಎಂಜಿನ್‌ಗೂ ಬಾಡಿಗೂ ನಡುವೆ ಕರೆಂಟ್ ಹಾಯುವ ದಾರಿ. ಹೊಸ ಬಣ್ಣದ ಮೇಲೆ ಅರ್ತ್ ಪಟ್ಟಿ ಬಿಗಿದರೆ ಕರೆಂಟ್ ಸರಿಯಾಗಿ ಹಾಯುವುದಿಲ್ಲ. ಸಿಕ್ಕ ದಾರಿ ಹಿಡಿದು ಚೋಕ್ ಕೇಬಲ್‌ನಲ್ಲಿ ಹರಿಯುತ್ತದೆ. ಸೆಲ್ಫ್ ಹೊಡೆದಾಗ ಚೋಕ್ ಕೇಬಲ್ ಬಿಸಿಯಾಗಿ ಹೊಗೆಯಾಡಿದರೆ ಕಾರಣ ಇದೇ. ಬೋಲ್ಟ್ ಕೂರುವಲ್ಲಿ ಬಣ್ಣ ಕೆರೆದು ಲೋಹ ಹೊಳೆಯುವಂತೆ ಮಾಡಿ.

ಟೈಮಿಂಗ್‌ನಲ್ಲಿ (ಕಿಡಿ ಹಾರುವ ಹೊತ್ತು) ಸಾಮಾನ್ಯ ತಪ್ಪು ಡಿಸ್ಟ್ರಿಬ್ಯೂಟರನ್ನು ಅರ್ಧ ಸುತ್ತು ತಪ್ಪಿಸಿ ಕೂರಿಸುವುದು. ಸಿಲಿಂಡರ್‌ಗಳು 1-3-4-2 ಕ್ರಮದಲ್ಲಿ ಹೊತ್ತಿಕೊಳ್ಳುವ ಎಂಜಿನ್‌ನಲ್ಲಿ ಕ್ರ್ಯಾಂಕ್‌ನ ಟೈಮಿಂಗ್ ಗುರುತು ಸೇರಿಸಿ, ನಾಲ್ಕನೇ ಸಿಲಿಂಡರಿನ ಎರಡೂ ವಾಲ್ವ್ ಅಲ್ಲಾಡುತ್ತಿವೆಯೇ ನೋಡಿ (ಒಂದು ಮುಚ್ಚುತ್ತ, ಇನ್ನೊಂದು ತೆರೆಯುತ್ತ). ಹಾಗಿದ್ದರೆ ಒಂದನೆಯದು ಕಂಪ್ರೆಷನ್‌ನಲ್ಲಿದೆ, ಡಿಸ್ಟ್ರಿಬ್ಯೂಟರಿನೊಳಗಿನ ರೋಟರ್ ಅದರ ಪ್ಲಗ್ ವೈರಿನ ಕಡೆಗೇ ಮುಖ ಮಾಡಿರಬೇಕು. ಡಿಸ್ಟ್ರಿಬ್ಯೂಟರಿನ ಕಾಂಟ್ಯಾಕ್ಟ್ ಪಾಯಿಂಟ್ ಗ್ಯಾಪ್ ಹೆಚ್ಚಿನವಕ್ಕೆ ಸುಮಾರು 0.4 ಮಿ.ಮೀ. ಟೈಮಿಂಗ್ ಹಿಂದೆ ಬಿದ್ದರೆ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಕೆಂಪಗಾಗುತ್ತದೆ.

ಕಾರ್ಬುರೇಟರ್ ಬೌಲ್ ತುಂಬಿರಲಿ. ಹೀಟರ್ ವಾಲ್ವ್ ತೆರೆದು ನೀರು ತುಂಬಿಸಿ, ಇಲ್ಲದಿದ್ದರೆ ಗಾಳಿ ಸಿಕ್ಕಿಕೊಳ್ಳುತ್ತದೆ. ನಿಂತ ಕಾರಿಗೆ ಎದುರುಗಾಳಿ ಇರುವುದಿಲ್ಲ, ರೇಡಿಯೇಟರ್ ಮುಂದೆ ಒಂದು ದೊಡ್ಡ ಫ್ಯಾನ್ ಬೇಕು. ಬೆಂಕಿ ಆರಿಸುವ ಸಿಲಿಂಡರ್ ಕೈಗೆ ಸಿಗುವಂತಿರಲಿ. ಕೆಲಸ ಬಯಲಿನಲ್ಲಿ, ಇಬ್ಬರು: ಒಬ್ಬರು ಸೀಟಿನಲ್ಲಿ ಗೇಜ್ ನೋಡುತ್ತ, ಇನ್ನೊಬ್ಬರು ಬಾನೆಟ್ ಬಳಿ.

ಹತ್ತಿಕೊಂಡ ತಕ್ಷಣ 2000 ಆರ್‌ಪಿಎಂ. ಸ್ಲೋಗೆ ಬಿಟ್ಟು ಸದ್ದು ಕೇಳುವ ಆಸೆ ಬೇಡ. 20 ನಿಮಿಷ 1500ರಿಂದ 2500ರ ನಡುವೆ ಏರಿಸುತ್ತ ಇಳಿಸುತ್ತ ಓಡಿಸಿ, ಎರಚಲು ಬೇರೆ ಬೇರೆ ಕಡೆ ಬೀಳಲಿ. ಹೊಸ ಬಣ್ಣ, ಜೋಡಣೆಯ ಆಯಿಲ್ ಸುಟ್ಟು ಹೊಗೆ ಬರುತ್ತದೆ, ಹೆದರಬೇಕಿಲ್ಲ. ಆದರೆ ಕೆಲವೇ ಸೆಕೆಂಡಿನಲ್ಲಿ ಆಯಿಲ್ ಪ್ರೆಷರ್ ಬಾರದಿದ್ದರೆ, ತಳದಿಂದ ಬಡಿತ ಕೇಳಿದರೆ, ಪೆಟ್ರೋಲ್ ಸೋರಿದರೆ ಆ ಕ್ಷಣವೇ ಆಫ್. ಸರಿಮಾಡಿ ಮತ್ತೆ ನೇರ 2000ಕ್ಕೇ ಹೋಗಿ ಉಳಿದ ನಿಮಿಷ ಮುಗಿಸಿ. ಜೋಡಿ ಸ್ಪ್ರಿಂಗ್‌ನ ವಾಲ್ವ್‌ಗಳಾದರೆ ಈ 20 ನಿಮಿಷಕ್ಕೆ ಒಳಸ್ಪ್ರಿಂಗ್ ಹಾಕದಿರುವುದು ಒಳ್ಳೆಯದು.

ಬಿಸಿ ಇರುವಾಗಲೇ ಆಯಿಲ್, ಫಿಲ್ಟರ್ ಎರಡನ್ನೂ ಬದಲಿಸುತ್ತೇನೆ. ಫಿಲ್ಟರ್ ಕೊಯ್ದು ಮಡಿಕೆ ಬಿಡಿಸಿ ನೋಡಬೇಕು: ಬೂದುಬಣ್ಣದ ಲೇಪ ಪೇಸ್ಟಿನದು, ಅಯಸ್ಕಾಂತಕ್ಕೆ ಅಂಟುವ ಹೊಳೆಯುವ ಚೂರು ಕಂಡರೆ ಕ್ಯಾಮ್ ಅಥವಾ ಟ್ಯಾಪೆಟ್ ಮೇಲೆ ಅನುಮಾನ, ತಾಮ್ರದ ಬಣ್ಣವಾದರೆ ಬೇರಿಂಗ್. ಪೂರ್ತಿ ತಣ್ಣಗಾದ ಮೇಲೆ, ಗ್ಯಾಸ್ಕೆಟ್ ತಯಾರಕರು ಬೇಡ ಎಂದಿರದಿದ್ದರೆ, ಹೆಡ್ ನಟ್ಟುಗಳನ್ನು ಕ್ರಮದಂತೆ ಒಂದೊಂದಾಗಿ ಕಾಲು ಸುತ್ತು ಸಡಿಲಿಸಿ ಮತ್ತೆ ಟಾರ್ಕ್ ಕೊಡುತ್ತೇನೆ (ಗೊತ್ತುಪಡಿಸಿದ ಬಲಕ್ಕೆ ಬಿಗಿಯುತ್ತೇನೆ). ಟ್ಯಾಪೆಟ್ ಗ್ಯಾಪ್ (ವಾಲ್ವ್ ಮುಚ್ಚಿರುವಾಗ ಅದರ ತುದಿಯಲ್ಲಿ ಬಿಡುವ ಸಂದು) ಹೊಂದಿಸುವುದು ಅದಾದ ಮೇಲೆ, ಮೊದಲಲ್ಲ.

ರಿಂಗ್ ಕೂರುವುದು ರಸ್ತೆಯಲ್ಲಿ. ಸಿಲಿಂಡರಿನೊಳಗಿನ ಒತ್ತಡವೇ ರಿಂಗನ್ನು ಹಿಂದಿನಿಂದ ದೂಡಿ ಗೋಡೆಗೆ ಅದುಮುತ್ತದೆ. ಹೊರೆಯೇ ಕೊಡದೆ ಮೆಲ್ಲಗೆ ಓಡಿಸಿದರೆ ಬೋರ್ ಗಾಜಿನಂತೆ ನುಣುಪಾಗಿ ಆಯಿಲ್ ಕುಡಿಯತೊಡಗುತ್ತದೆ. ಮೂರನೇ ಗಿಯರ್‌ನಲ್ಲಿ 40ರಿಂದ 70 ಕಿ.ಮೀ.ಗೆ ಗಟ್ಟಿಯಾಗಿ ಎಳೆಸಿ, ಆಕ್ಸಿಲರೇಟರ್ ಪೂರ್ತಿ ಬಿಟ್ಟು ಗಿಯರ್‌ನಲ್ಲೇ ಇಳಿಯಲು ಬಿಡಿ. ಹೀಗೆ ಹತ್ತು ಹನ್ನೆರಡು ಸಲ. ಮೊದಲ 800 ಕಿ.ಮೀ. ಒಂದೇ ವೇಗದಲ್ಲಿ ಗಂಟೆಗಟ್ಟಲೆ ಓಡಿಸಬೇಡಿ, ಟಾಪ್ ಗಿಯರ್‌ನಲ್ಲಿ ಮುಕ್ಕರಿಸುವಂತೆಯೂ ಮಾಡಬೇಡಿ. ಅಲ್ಲಿಗೆ ಮತ್ತೊಮ್ಮೆ ಆಯಿಲ್ ಬದಲಿಸಿ, ತಣ್ಣಗಿರುವಾಗ ಟ್ಯಾಪೆಟ್ ಗ್ಯಾಪ್ ನೋಡುತ್ತೇನೆ. ಒಂದೇ ವಾಲ್ವ್‌ನ ಗ್ಯಾಪ್ ಪ್ರತಿ ಸಲ ಹೆಚ್ಚುತ್ತ ಹೋಗುತ್ತಿದ್ದರೆ ಆ ಲೋಬ್ ಸವೆಯುತ್ತಿದೆ ಎಂದು ತಿಳಿದು ಡಯಲ್ ಗೇಜ್ ಇಟ್ಟು ಲಿಫ್ಟ್ (ಲೋಬ್ ಎಷ್ಟು ಎತ್ತುತ್ತದೆ ಎಂಬುದು) ಅಳೆಯಬೇಕು.